ಶಿವಯೋಗೀಶರ ಇಪ್ಪತ್ತೈದು ಡಿಗ್ರಿ

ಶಿವಯೋಗೀಶರು ಯಾರನ್ನೂ ನಂಬುವವರ ಪೈಕಿ ಅಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಮನೆತನ. ಚೀಲದ ಬಾಯಲ್ಲಿ ಕಂಡದ್ದಕ್ಕೆ ಆ ಮನೆಯಲ್ಲಿ ಯಾರೂ ದರ ಹೇಳುವುದಿಲ್ಲ. ತೋಳು ಮುಳುಗುವವರೆಗೆ ತಳಕ್ಕೆ ಕೈ ಹಾಕುತ್ತಾರೆ. ಇವರು ರಸಾಯನಶಾಸ್ತ್ರ ಓದಿ ಧಾರವಾಡದ ನಮ್ಮ ಕಚೇರಿಗೆ ಬಂದರೂ ಆ ಚಾಳಿ ಬಿಡಲಿಲ್ಲ.

ನಮ್ಮದು ಹರಳುಗಳ ಡೇಟಾಬೇಸ್. ಲೋಹ, ಲವಣ, ಆಕ್ಸೈಡುಗಳ ಹರಳಿನಲ್ಲಿ ಯಾವ ಪರಮಾಣು ಎಲ್ಲಿದೆ, ಎಷ್ಟು ಅಂತರದಲ್ಲಿದೆ, ಎಷ್ಟು ತಾಪಮಾನದಲ್ಲಿ ಅಳೆದದ್ದು ಎಂಬುದನ್ನೆಲ್ಲ ಹಳೆಯ ಸಂಶೋಧನಾ ಪ್ರಬಂಧಗಳಿಂದ ಹೆಕ್ಕಿ ತುಂಬುತ್ತೇವೆ. ಹೊಸ ಬ್ಯಾಟರಿಗೆ ತಕ್ಕ ವಸ್ತು ಬೇಕಾದ ವಿಜ್ಞಾನಿ ಇದರಲ್ಲಿ ಹುಡುಕುತ್ತಾನೆ. ನಮ್ಮ ಅಂಕಿ ತಪ್ಪಿದರೆ ಅವನ ವರ್ಷ ಹಾಳು. ಹನ್ನೊಂದು ವರ್ಷ ಶಿವಯೋಗೀಶರು ನಮ್ಮೆಲ್ಲರ ತಪ್ಪು ಹಿಡಿದಿದ್ದಾರೆ. ನನ್ನವನ್ನಂತೂ ಊಟದ ಹೊತ್ತಿನಲ್ಲಿ, ಎಲ್ಲರೆದುರು. ನನಗೆ ಅವರ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇಕೆ?

ಕಳೆದ ನವೆಂಬರಿನಲ್ಲಿ ಗಾರ್ಗಿ ಎಂಬ ಹುಡುಗಿ ಬಂದಳು. ಆರು ತಿಂಗಳು ಕೆಲಸ ನೋಡಿ ಕಾಯಂ ಮಾಡುವುದೆಂದು ಮಾತು. ಐದು ತಿಂಗಳಾದರೂ ಒಂದು ತಪ್ಪೂ ಸಿಗಲಿಲ್ಲ. ಶಿವಯೋಗೀಶರಿಗೆ ಚಹಾ ರುಚಿಸದಂತಾಯಿತು.

“ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲಪಾ,” ಎಂದು ನನ್ನ ಕಿವಿಯಲ್ಲಿ ಊದಿದರು. “ಈಕಿ ಪ್ರಬಂಧ ಓದಂಗಿಲ್ಲ. ಕಂಪ್ಯೂಟರಿಗೆ ಕೇಳಿ ಅಂದಾಜಿನ ಅಂಕಿ ತುಂಬಾಕತ್ತಾಳ.”

ಅವಳ ಬೆನ್ನ ಹಿಂದೆ ನಿಂತು ನೋಡಿದರು. ಅವಳು ಎದ್ದು ಹೋದಾಗ ಹಾಳೆ ತಿರುವಿದರು. ಕೊನೆಗೆ ಒಂದು ಸಿಕ್ಕಿತು. ಒಂದು ಆಕ್ಸೈಡನ್ನು ಎಂಟು ವರ್ಷದ ಹಿಂದೆ ಅವರು ಒಂದು ಪ್ರಬಂಧದಿಂದ ತುಂಬಿದ್ದರು. ಅದನ್ನೇ ಈಗ ಅವಳು ಬೇರೊಂದು ಪ್ರಬಂಧದಿಂದ ತುಂಬಿದ್ದಳು. ಎರಡರಲ್ಲೂ ತಾಪಮಾನ ಇಪ್ಪತ್ತೈದು ಡಿಗ್ರಿ, ಆದರೆ ಹರಳಿನ ಅಳತೆ, ಅಂದರೆ ಪರಮಾಣುಗಳ ಅಂತರ, ಬೇರೆ. ಒಂದೇ ವಸ್ತು, ಒಂದೇ ತಾಪಮಾನವಾದರೆ ಅಳತೆಯೂ ಒಂದೇ ಇರಬೇಕು.

ಗಾರ್ಗಿಯನ್ನೂ ನಮ್ಮನ್ನೂ ಕರೆದು, ಮುಖ್ಯಸ್ಥೆ ವೃಂದಾ ಅವರ ಮೇಜಿನ ಮೇಲೆ ಎರಡನ್ನೂ ಹರವಿದರು. “ನೋಡ್ರಿ ಮೇಡಂ. ಈಕಿನ್ನ ಕಾಯಂ ಮಾಡ್ತೀರೇನು?”

ಗಾರ್ಗಿಯ ಮುಖ ಸಣ್ಣದಾಯಿತು. ಆದರೂ ಎರಡು ಪ್ರಬಂಧಗಳನ್ನೂ ತಂದು ತೆರೆದಳು. ಅವಳದರಲ್ಲಿ ಇಪ್ಪತ್ತೈದು ಎಂದು ಅಚ್ಚಾಗಿತ್ತು. “ಸರ್, ನಿಮ್ಮದರಾಗ ಟೆಂಪರೇಚರ್ ಎಲ್ಲಿ ಬರ್ದಾರ್ರೀ?”

ಅವರು ಹುಡುಕಿದರು. ಮತ್ತೊಮ್ಮೆ ಹುಡುಕಿದರು. “ಬರದಿಲ್ಲಂದ್ರ ಇಪ್ಪತ್ತೈದು ಹಾಕತೇನಿ. ಪ್ರಯೋಗಶಾಲಿ ಖೋಲ್ಯಾಗ ಅಳದಿರತಾರ. ಖೋಲ್ಯಾಗ ಮತ್ತೆಷ್ಟ ಇರತೈತಿ?”

ಏಪ್ರಿಲ್ ತಿಂಗಳ ಸೆಕೆಗೆ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ವೃಂದಾ ಕೈ ನಿಲ್ಲಿಸಿದರು. ಪ್ರಬಂಧದಲ್ಲಿ ಇಲ್ಲದ್ದನ್ನು ಖಾಲಿ ಬಿಡಬೇಕೆಂದು ನಮಗೆ ಕಲಿಸಿದವರೇ ಶಿವಯೋಗೀಶರು.

“ಭಾಳ ಥಂಡ್ಯಾಗ ಇಟ್ಟು ಅಳದಿದ್ರ ಹರಳು ಕುಗ್ಗಿರತದಲ್ರೀ, ಸರ್,” ಎಂದಳು ಗಾರ್ಗಿ ಮೆಲ್ಲಗೆ. ಅಳತೆಯಲ್ಲಿ ಸಣ್ಣದಾಗಿದ್ದದ್ದು ಅವರ ಹರಳೇ.

ಇಪ್ಪತ್ತೈದು ಡಿಗ್ರಿ ಎಂದು ಅವರು ತುಂಬಿದ ಹರಳುಗಳು ಸಾವಿರದ ಆರುನೂರಕ್ಕೂ ಮಿಕ್ಕಿದ್ದವು. ಯಾವುದು ಪ್ರಬಂಧದ್ದು, ಯಾವುದು ತಮ್ಮ ಊಹೆ, ಅವರಿಗೇ ಗೊತ್ತಿರಲಿಲ್ಲ. ನಾನು ಹಿಗ್ಗಬೇಕಿತ್ತು. ಅವರ ಮುಖ ನೋಡಿ, ಹೋಗಿ ಒಂದು ಕಪ್ ಚಹಾ ತಂದು ಅವರ ಮುಂದಿಟ್ಟೆ.

ಮರುದಿನ ಶಿವಯೋಗೀಶರು, ಗಾರ್ಗಿಯನ್ನು ಕಾಯಂ ಮಾಡಿರೆಂದೂ ತಾವು ತುಂಬಿದ್ದನ್ನೆಲ್ಲ ಅವಳೇ ಪರೀಕ್ಷಿಸಲೆಂದೂ ವೃಂದಾ ಅವರಿಗೆ ಬರೆದುಕೊಟ್ಟು, ಕುರ್ಚಿ ಎಳೆದು ಅವಳ ಪಕ್ಕ ಕೂತರು. ಅವಳು ಮೊದಲನೆಯದನ್ನು ತೆರೆದು, “ಇದು ಖರೇನ ಇರಬಹುದಲ್ರೀ, ಸರ್. ನೀವು ತುಂಬಿದ್ದು,” ಎಂದಳು.

“ನನ್ನ ನಂಬಬ್ಯಾಡವಾ,” ಎಂದರು ಶಿವಯೋಗೀಶರು. “ಪ್ರಬಂಧ ತಗದು ನೋಡು.”