ಭಾನುವಾರ ರಜೆ ಹಾಕಿದ ಬೆಟ್ಟ

ನನ್ನ ಬಟ್ಟೆ ಒಗೆಯುವ ಅಂಗಡಿಗೂ ಭೂಕಂಪ ಕೇಂದ್ರಕ್ಕೂ ನಡುವೆ ಒಂದೇ ಗೋಡೆ. ಆ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದವಳನ್ನು ಬೀದಿಯವರೆಲ್ಲ ಗೆರೆಯಕ್ಕ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಎಂಟಕ್ಕೆ ಮಾಪಕದ ಉರುಳೆಗೆ ಹೊಸ ಕಾಗದ ಸುತ್ತುವುದು, ಹಿಂದಿನ ದಿನದ್ದನ್ನು ಬಿಚ್ಚಿ ಗೆರೆ ಎಲ್ಲೆಲ್ಲಿ ನಡುಗಿದೆಯೆಂದು ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ನೆಲ ಅಲುಗಿದರೆ ಸೂಜಿ ಅಲುಗುತ್ತದೆ, ಸೂಜಿ ಅಲುಗಿದರೆ ಗೆರೆ ಅಂಕುಡೊಂಕಾಗುತ್ತದೆ. ಓದಿದ್ದು ಏಳನೇ ತರಗತಿ. ಆದರೂ ಕಾಗದ ನೋಡಿ, ಇದು ಲಾರಿ, ಇದು ದಡಕ್ಕೆ ಬಡಿದ ಅಲೆ ಎಂದು ಹೇಳಿಬಿಡುವಳು.

ನಮ್ಮದು ಸಮುದ್ರಕ್ಕೂ ಹೊಗೆಯಾಡುವ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡ ಊರು. ಬೆಟ್ಟದ ಬುಡದ ಓಣಿಯಲ್ಲಿ ನಲವತ್ತು ಮನೆ. ಅದರಲ್ಲೊಂದು ನನ್ನ ಮಗಳದು. ಆಗ ಅವಳಿಗೆ ಹೆರಿಗೆಯಾಗಿ ಹನ್ನೆರಡು ದಿನ.

ಆ ದಿನಗಳಲ್ಲಿ ಗೆರೆಯಕ್ಕನ ಕಾಗದದಲ್ಲಿ ಒಂದು ಹೊಸ ನಡುಕ ಕಾಣತೊಡಗಿತು. ಬೆಳಿಗ್ಗೆ ಹತ್ತು ನಲವತ್ತರ ಹೊತ್ತಿಗೆ ಶುರುವಾಗಿ, ಆರು ನಿಮಿಷ ಒಂದೇ ಸಮನೆ. ಬೆಟ್ಟದೊಳಗೆ ಕರಗಿದ ಕಲ್ಲು ಏರುವಾಗಲೂ ನೆಲ ಹೀಗೇ ಸಣ್ಣಗೆ ನಡುಗುವುದುಂಟು. ಬೆಟ್ಟ ಗೊಣಗುತ್ತಿದೆ ಎಂದು ಅವಳೇ ಬರೆದಳು. ಅದನ್ನು ನಂಬಿ ಕೇಂದ್ರದ ಅಧಿಕಾರಿ ಸೋಮವಾರ ಓಣಿ ಖಾಲಿ ಮಾಡಿಸುವುದೆಂದು ಗೊತ್ತುಮಾಡಿದರು.

ಶನಿವಾರ ಮಧ್ಯಾಹ್ನ ಗೆರೆಯಕ್ಕ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

"ಬೆಟ್ಟಕ್ಕೆ ಭಾನುವಾರ ರಜೆ ಯಾಕೆ, ಹೇಳು ನೋಡೋಣ."

"ನಿನಗೇ ರಜೆ ಕೊಡದವರು ಬೆಟ್ಟಕ್ಕೆ ಕೊಡ್ತಾರಾ ಅಕ್ಕ?"

"ಅದೇ ನನ್ನ ತಲೆ ತಿಂತಿರೋದು. ಹತ್ತೊಂಬತ್ತು ದಿನದ ಕಾಗದ ನೆಲಕ್ಕೆ ಹಾಸಿ ನೋಡಿದೆ. ಹದಿನೇಳರಲ್ಲಿ ನಡುಕ ಇದೆ. ಎರಡು ಭಾನುವಾರ ಮಾತ್ರ ಗೆರೆ ನೆಟ್ಟಗಿದೆ." ಅವಳ ಕಣ್ಣು ನನ್ನ ಬಟ್ಟೆ ಹಿಂಡುವ ಯಂತ್ರದ ಮೇಲೆ ನಿಂತಿತು. "ಇದು ಮುಂದಿನ ಕೋಣೇಲಿತ್ತಲ್ಲ?"

ಹೌದು. ಹತ್ತೊಂಬತ್ತು ದಿನದ ಹಿಂದೆ, ಸೋಮವಾರ, ಅದನ್ನು ಕೇಂದ್ರದ ಕಡೆಯ ಹಿಂದಿನ ಗೋಡೆಗೆ ತಾಗಿಸಿ ಇಟ್ಟಿದ್ದೆ. ಲಾಡ್ಜಿನ ಹಾಸಿಗೆ ಬಟ್ಟೆ ಬೆಳಿಗ್ಗೆ ಬರುತ್ತದೆ. ಒಗೆದು, ಹತ್ತು ನಲವತ್ತಕ್ಕೆ ಹಿಂಡಲು ಹಾಕುತ್ತೇನೆ. ಭಾನುವಾರ ಮಾತ್ರ ಅಂಗಡಿಗೆ ರಜೆ. ಯಂತ್ರದ ಒಂದು ಕಾಲು ಗಿಡ್ಡ, ನಿಂತಲ್ಲೇ ಕುಣಿಯುತ್ತದೆ.

"ಹಾಗಾದ್ರೆ ಇದೇ ಅಕ್ಕ, ಬೆಟ್ಟ ಅಲ್ಲ. ಈಗಲೇ ಹೋಗಿ ಹೇಳಿಬಿಡು."

"ಇದು ನೀನು ಹೇಳ್ತಿರೋದಲ್ಲ, ನಿನ್ನ ಮೊಮ್ಮಗಳು ಹೇಳಿಸ್ತಿರೋದು. ಯಂತ್ರ ಕುಣಿಯೋವಾಗ ಬೆಟ್ಟವೂ ನಡುಗ್ತಿದ್ರೆ? ನಲವತ್ತು ಮನೆ ಇದೆ ಅಲ್ಲಿ."

 ನಾನು ಕೇಳಿದೆ: "ನೆಲ ನಡುಗೋದಾದ್ರೂ ಯಾಕೆ ಅಕ್ಕ? ಇಷ್ಟು ವರ್ಷ ಇಲ್ಲೇ ಬಾಳಿದೆ, ಕೇಳಲೇ ಇಲ್ಲ."

ಅವಳು ನೆನೆದ ದಪ್ಪ ಕಂಬಳಿಯನ್ನು ನೆಲಕ್ಕೆ ಹಾಕಿ, ತುದಿಗೆ ಎಲಾಸ್ಟಿಕ್ ಪಟ್ಟಿ ಕಟ್ಟಿ, "ಎಳಿ, ನಿಧಾನ" ಎಂದಳು. ಎಳೆದೆ. ಪಟ್ಟಿ ಉದ್ದವಾಯಿತು, ಕಂಬಳಿ ಕದಲಲಿಲ್ಲ. ಇನ್ನೂ ಎಳೆದೆ. ಕಂಬಳಿ ಇದ್ದಕ್ಕಿದ್ದಂತೆ ಗೇಣುದ್ದ ಮುಂದಕ್ಕೆ ನೆಗೆಯಿತು. ನಾನು ಹಿಂದಕ್ಕೆ ಬೀಳುವುದರಲ್ಲಿದ್ದೆ.

"ಭೂಮಿಯ ಹೊರಮೈ ಒಂದೇ ತುಂಡಲ್ಲ, ದೊಡ್ಡ ದೊಡ್ಡ ಹಲಗೆ ಥರ ಇದೆ. ಉಗುರು ಬೆಳೆಯೋಷ್ಟು ನಿಧಾನಕ್ಕೆ ಸರೀತಿರುತ್ತೆ. ಅಂಚು ಮಾತ್ರ ಒಂದಕ್ಕೊಂದು ಕಚ್ಚಿಕೊಂಡಿರುತ್ತೆ. ನೀನು ಎಳೀತಿದ್ದೆಯಲ್ಲ, ಅದು ನೂರಾರು ವರ್ಷ. ಕಂಬಳಿ ನೆಗೆದಿದ್ದು ಭೂಕಂಪ."

"ಬೆಟ್ಟ?"

"ಸಮುದ್ರದ ಕೆಳಗಿನ ಹಲಗೆ ನಮ್ಮ ನೆಲದ ಅಡಿಗೆ ತೂರ್ತಿದೆ. ಜೊತೆಗೆ ನೀರನ್ನೂ ಒಯ್ಯುತ್ತೆ. ಆಳದಲ್ಲಿ ಆ ನೀರು ಸೇರಿ ಬಿಸಿ ಕಲ್ಲು ಕರಗುತ್ತೆ, ಮೇಲೇರುತ್ತೆ."

ಆಮೇಲೆ ನೀರು ತುಂಬಿದ ತೊಟ್ಟಿಯ ಬಳಿ ಕರೆದಳು. ಅಂಗೈಯಿಂದ ನೀರಿಗೆ ಬಡಿದಳು, ಸಣ್ಣ ಅಲೆ ಎದ್ದು ಅಡಗಿತು. ಬಳಿಕ ಮರದ ಹಲಗೆಯೊಂದನ್ನು ತಳಕ್ಕೆ ಒತ್ತಿ ಹಿಡಿದು, ಒಮ್ಮೆಲೇ ಎತ್ತಿದಳು. ನೀರೆಲ್ಲ ಉಬ್ಬಿ, ಅಂಚು ದಾಟಿ ನನ್ನ ಕಾಲಿಗೆ ಬಂತು.

"ಗಾಳಿ ಎಬ್ಬಿಸೋದು ಮೇಲಿನ ನೀರು. ತಳವೇ ಎದ್ರೆ ಇಡೀ ಸಮುದ್ರ ಏಳುತ್ತೆ. ಅದೇ ಸುನಾಮಿ."

"ಹಾಗಾದ್ರೆ ನೆಲ ನಡುಗಿದಾಗೆಲ್ಲ ಬೆಟ್ಟ ಸಿಡಿದು ಸಮುದ್ರ ನುಗ್ಗುತ್ತಾ?"

"ಮೂವರೂ ಒಂದೇ ಮನೆಯ ಅಕ್ಕತಂಗಿಯರು, ನಿಜ. ಹಾಗಂತ ಒಬ್ಬಳು ಸೀನಿದ್ರೆ ಮೂವರಿಗೂ ನೆಗಡಿಯಾ? ಮೊದಲು ಸೀನಿದ್ದು ಯಾರು ಅಂತ ನೋಡೋಣ."

ಅವಳ ಉಪಾಯ ಹೀಗಿತ್ತು. ಭಾನುವಾರ ಹತ್ತು ನಲವತ್ತಕ್ಕೆ ನಾನು ಸುಮ್ಮನಿರಬೇಕು. ಆಮೇಲೆ ನನಗೆ ತೋಚಿದ ಎರಡು ಹೊತ್ತಿನಲ್ಲಿ ಯಂತ್ರ ಓಡಿಸಬೇಕು. ವೇಳೆಯನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಅವಳಿಗೂ ಹೇಳಬಾರದು. ಹಾಗೆಯೇ ಮಾಡಿದೆ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಒಂದು ಸಲ, ಎರಡು ಇಪ್ಪತ್ತಮೂರಕ್ಕೆ ಇನ್ನೊಂದು ಸಲ.

ಸೋಮವಾರ ಬೆಳಿಗ್ಗೆ ಅಧಿಕಾರಿಯ ಎದುರಿಗೇ ಕಾಗದ ಬಿಚ್ಚಿದಳು. ನಡುಗಿದ ಕಡೆಯೆಲ್ಲ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ ಮೇಲೆಯೇ ನನ್ನ ಲಕೋಟೆಗೆ ಕೈಚಾಚಿದ್ದು. ಹತ್ತು ನಲವತ್ತರಲ್ಲಿ ಏನೂ ಇರಲಿಲ್ಲ. ನನ್ನ ಎರಡೂ ವೇಳೆ ನಿಮಿಷಕ್ಕೆ ಸರಿಯಾಗಿ ತಾಳೆಯಾದವು. ಆದರೆ ಕೆಂಪು ಗುರುತು ಮೂರಿದ್ದವು.

"ನಾಲ್ಕೂ ಹತ್ತಕ್ಕೆ ಓಡಿಸಿದ್ಯಾ?"

"ಇಲ್ಲ ಅಕ್ಕ." ಓಡಿಸಿದೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಗೊಣಗಾಟ ಅಲ್ಲ ಸರ್. ಮೊದಲು ಸಣ್ಣ ಏಟು, ಹಿಂದೆಯೇ ದೊಡ್ಡದು, ಅರ್ಧ ನಿಮಿಷಕ್ಕೆ ಸುಮ್ಮನಾಗಿದೆ. ಕಲ್ಲು ಬಿರಿದದ್ದು. ತಿಂಗಳಿಗೆ ಎರಡು ಮೂರು ಇಂಥವು ನಾನು ಸೇರಿದಾಗಿಂದ ಇವೆ. ಪುಸ್ತಕ ನೋಡಿ."

ಅಧಿಕಾರಿ ಹಳೆಯ ಪುಟಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಮೆಲ್ಲಗೆ, "ಮಾಪಕ ಕೆಟ್ಟಿತ್ತು ಅಂತ ಬರೆಯೋಣ್ವಾ ಅಮ್ಮ? ಇನ್ನೆರಡು ತಿಂಗಳಲ್ಲಿ ನಿಮ್ಮ ನಿವೃತ್ತಿ" ಎಂದರು.

"ಮಾಪಕ ಸರಿಯಾಗೇ ಇತ್ತು ಸರ್. ಅದು ನಡುಕ ಅಂತ ಮಾತ್ರ ಹೇಳ್ತು. ಬೆಟ್ಟ ಅಂದವಳು ನಾನು."

ಹದಿನೇಳು ಸಾಲುಗಳ ಮೇಲೆ, ಅಡಿಯ ಅಕ್ಷರ ಕಾಣುವ ಹಾಗೆ, ಒಂದೊಂದೇ ಗೆರೆ ಎಳೆದಳು. ಪಕ್ಕದಲ್ಲಿ "ನೆರೆಯ ಅಂಗಡಿಯ ಯಂತ್ರ" ಎಂದು ಬರೆದು ಹದಿನೇಳು ಸಲ ಸಹಿ ಮಾಡಿದಳು. ಅಧಿಕಾರಿ ಓಣಿಯ ಆದೇಶವನ್ನು ಮಡಚಿ ಮೇಜಿನೊಳಗಿಟ್ಟರು.

ಸುದ್ದಿ ಹೇಳಲು ಇಬ್ಬರೂ ಓಣಿಗೆ ಹೋದೆವು. ಮಗಳು ಬಟ್ಟೆಬರೆ ಗಂಟು ಕಟ್ಟಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಇನ್ನು ಭಯ ಇಲ್ಲ ತಾನೆ ದೊಡ್ಡಮ್ಮ?"

"ನಿನ್ನೆಯ ಕಾಗದಕ್ಕೆ ನಾನು ಹೊಣೆ. ಇವತ್ತಿಂದು ಇನ್ನೂ ಉರುಳೆ ಮೇಲಿದೆ, ನಾಳೆ ಬಿಚ್ಚಿ ಹೇಳ್ತೀನಿ," ಎಂದಳು ಗೆರೆಯಕ್ಕ. "ಒಂದು ಗಂಟು ಬಾಗಿಲ ಹತ್ರ ಹಾಗೇ ಇರಲಿ."

ಮಗಳು ಉಳಿದವನ್ನು ಬಿಚ್ಚತೊಡಗಿದಳು.