ಸ್ವಿಚ್ ಆಫ್ ಇದ್ದರೂ

ಕೊಟ್ಟೂರಿನ ನಮ್ಮ ಮನೆಯಲ್ಲಿ ಹವ್ಯಾಸಕ್ಕೆಂದು ಇಟ್ಟುಕೊಂಡ ಲೇಸರ್ ಕಟಿಂಗ್ ಮಷೀನು ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಮೂರು ದಿನ ಒಂದೊಂದೇ ವೈರು ಬಿಚ್ಚಿ ನೋಡಿದೆ, ಮಾರಿದವನಿಗೆ ಹಿಡಿಶಾಪ ಹಾಕಿದೆ. ಕೊನೆಗೆ ಸ್ವಿಚ್ ಆಫ್ ಮಾಡಿ ಮಷೀನಿನ ಮೈಗೆ ಟೆಸ್ಟರ್ ಇಟ್ಟೆ. ಆಗಲೂ ಅದು ಕೆಂಪಗೆ ಉರಿಯಿತು.

ಅರ್ಥಿಂಗ್ ವೈರಿನ ಜಾಡು ಹಿಡಿದು ಹಿತ್ತಲಿಗೆ ಹೋದೆ. ನೆಲದಲ್ಲಿ ಹೂತ ನಮ್ಮ ಅರ್ಥಿಂಗ್ ಪೈಪಿಗೆ ಪಕ್ಕದ ಮನೆಯಿಂದ ಬಂದ ಇನ್ನೊಂದು ವೈರು ಸುತ್ತಿಕೊಂಡಿತ್ತು. ಆ ಮನೆಯ ಅಜ್ಜಿ ಕೊಡ ಹಿಡಿದು ಅಲ್ಲೇ ನಿಂತಿದ್ದಳು.

"ನಮ್ಮನಿ ನ್ಯೂಟ್ರಲ್ ವೈರು ಕಟ್ ಆಗೈತಪ್ಪ. ನನ್ನ ಮಗ ನಿಮ್ಮ ಪೈಪಿಗೆ ಸುತ್ಯಾನ. ಲೈಟು ಮಂಕಾದ್ರ ಬುಡಕ್ಕ ನೀರು ಹಾಕ್ತೀನಿ, ಚಲೋ ಉರಿತಾವ."

ಅಂದರೆ ಅವರ ಮನೆಯ ಕರೆಂಟು ಈ ಪೈಪಿಗೆ ಇಳಿದು, ಅರ್ಥಿಂಗ್ ವೈರಿನಲ್ಲಿ ನನ್ನ ಮಷೀನಿಗೂ ಹತ್ತುತ್ತಿತ್ತು. ಅಜ್ಜಿ ಬರಿಗಾಲಲ್ಲಿ ಕೆಸರಿಗಿಳಿದು ಕೊಡ ಬಗ್ಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ಕಾಲು ಜಾರಿ, ಆಸರೆಗೆಂದು ಪೈಪಿನತ್ತ ಕೈ ಚಾಚಿದಳು.