ಒಂದೇ ದಿನದಲ್ಲಿ ಊರು ಸುತ್ತಿದ ಕೋಲು

ನಮ್ಮೂರಿನಲ್ಲಿ ಸಂಜೆ ಯಾರ ಮನೆಯ ಬಾಗಿಲಿಗೆ ಕೋಲು ಒರಗಿರುತ್ತದೋ ಆ ಮನೆಯವರು ಮಾರನೆಯ ದಿನ ಬೆಟ್ಟ ಕಾಯಬೇಕು. ಯಾರೂ ಬಂದು ಕರೆಯುವುದಿಲ್ಲ, ಹಾಜರಿ ಹಾಕುವುದಿಲ್ಲ. ಕೋಲು ಬಂತು ಎಂದರೆ ಸರದಿ ಬಂತು, ಅಷ್ಟೇ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೋಲು ಹಿಡಿದು ಹತ್ತಬೇಕು. ನೆತ್ತಿಯ ಬಂಡೆಯ ಮೇಲೆ ಕೂತು ಸುತ್ತ ಕಣ್ಣಾಡಿಸುತ್ತಿರಬೇಕು. ಎಲ್ಲಾದರೂ ಹೊಗೆ ಕಂಡರೆ ಕೂಗು ಹಾಕಬೇಕು. ಸಂಜೆ ಇಳಿದು ಬಂದು ಪಕ್ಕದ ಮನೆಯ ಬಾಗಿಲಿಗೆ ಕೋಲು ಒರಗಿಸಿದರೆ ನಿಮ್ಮ ಕೆಲಸ ಮುಗಿಯಿತು.

ಈ ಕೋಲು ಮೊದಲು ಬೆಟ್ಟ ಕಾಯುವುದಕ್ಕೆ ಇದ್ದದ್ದಲ್ಲ. ಊರಿನ ದನವನ್ನೆಲ್ಲ ಒಟ್ಟಿಗೆ ಹೊಡೆದುಕೊಂಡು ಹೋಗಿ ಮೇಯಿಸಲು ದಿನಕ್ಕೊಂದು ಮನೆಯವರು ಹೋಗುತ್ತಿದ್ದ ಕಾಲದ್ದು. ದನ ಕಡಿಮೆಯಾದವು, ಕೋಲು ಅಟ್ಟ ಸೇರಿತು. ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಬೀದಿಗೆ ತಂದವಳು ನಾನು. ಹಾಗೆಂದು ಹೇಳಿಕೊಳ್ಳುವುದರಲ್ಲಿ ನನಗೆ ಮೊದಲೆಲ್ಲ ಬಹಳ ಹೆಮ್ಮೆ ಇತ್ತು.

ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ತೋವಿನಕೆರೆಯ ಕಡೆ, ಬೆಟ್ಟದ ಬುಡದ ಒಂದೇ ಬೀದಿಯ ಸಣ್ಣ ಊರಿನಲ್ಲಿ. ಮನೆಯಲ್ಲಿ ನಾನು, ಮಂಡಿ ಹಿಡಿದ ನನ್ನ ಅತ್ತೆ, ಇಬ್ಬರೇ. ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಊರಿನವರು ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಾರೆ. ಸ್ವಲ್ಪ ಹೆದರುತ್ತಾರೆ ಕೂಡ, ಏಕೆಂದರೆ ನನ್ನ ಬಾಯಿ ದೊಡ್ಡದು.

ಈ ಸೀಮೆಯಲ್ಲಿ ಒಂದು ನಂಬಿಕೆ ಇದೆ. ಬೆಟ್ಟಕ್ಕೆ ಬೆಂಕಿ ಬಿದ್ದರೆ ಮಳೆ ಬರುತ್ತದಂತೆ. ಹೊಗೆ ಮೇಲೆ ಹೋಗಿ ಮೋಡ ಕಟ್ಟುತ್ತದಂತೆ. ಜೊತೆಗೆ ಒಣಗಿದ ಬಾದೆ ಹುಲ್ಲು ಸುಟ್ಟು ಬೂದಿಯಾದರೆ ಮೊದಲ ಹನಿಗೇ ಎಳೆ ಹುಲ್ಲು ಚಿಗುರುತ್ತದೆ, ಮೇಕೆಗಳಿಗೆ ಹಬ್ಬ. ಹೀಗಾಗಿ ಬೇಸಿಗೆ ಬಂತೆಂದರೆ ಯಾರೋ ಒಬ್ಬರು ಕಡ್ಡಿ ಗೀರುತ್ತಿದ್ದರು. ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾವು ಅಂಗಳದಲ್ಲಿ ಕೂತು ಉರಿಯುವ ಬೆಟ್ಟ ನೋಡುತ್ತ ಉಣ್ಣುತ್ತಿದ್ದೆವು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ದೊಡ್ಡವಳಾಗಿ ನಾಲ್ಕಕ್ಷರ ಕಲಿತ ಮೇಲೆ ಹೊಟ್ಟೆ ಉರಿಯತೊಡಗಿತು. ಮಳೆ ತಪ್ಪುತ್ತಿರುವುದೇ ಭೂಮಿ ಕಾದಿರುವುದರಿಂದ, ಮಳೆ ತರಿಸಲೆಂದು ನಾವು ಇರುವ ಮರವನ್ನೂ ಸುಡುತ್ತಿದ್ದೇವಲ್ಲ ಎಂದು ಮನೆಮನೆ ಸುತ್ತಿ ಹೇಳಿದೆ. ಗದರಿದೆ, ಗೋಗರೆದೆ. ಎಲ್ಲರಿಗಿಂತ ಹೆಚ್ಚು ಹಟ ಮಾಡಿದವಳು ಎದುರುಮನೆಯ ಮೇಕೆ ಸಾಕುವ ಅಜ್ಜಿ.

‘ಹುಲ್ಲು ಸುಡ್ದೆ ಇದ್ರೆ ನನ್ನ ಮೇಕೆ ಏನ್ ತಿಂತವಮ್ಮ, ನಿನ್ನ ಬುಕ್ಕಾ?’ ಎಂದಿದ್ದಳು.

‘ಮೂರು ವರ್ಷ ಕೊಡಜ್ಜಿ. ಆಗಲೂ ಮೇವು ಸಿಗದಿದ್ದರೆ ನಾನೇ ಕಡ್ಡಿಪೆಟ್ಟಿಗೆ ತಂದುಕೊಡ್ತೀನಿ’ ಎಂದೆ.

‘ಮಾತು ಕೊಟ್ಟಿದ್ದೀಯ. ನೋಡ್ಕ’ ಎಂದಳು.

ಅವಳು ಒಪ್ಪಿದ ಮೇಲೆ ಊರು ಒಪ್ಪಿತು. ಕೋಲು ಓಡಾಡತೊಡಗಿತು. ನಿಜಕ್ಕೂ ಮೂರು ಬೇಸಿಗೆ ನಮ್ಮ ಬೆಟ್ಟ ಉರಿಯಲಿಲ್ಲ. ಸುತ್ತಲ ಬೆಟ್ಟಗಳೆಲ್ಲ ಬೋಳಾಗಿ ಕಪ್ಪಗೆ ನಿಂತಿದ್ದರೆ ನಮ್ಮದರ ಮೇಲೆ ಸೀತಾಫಲದ ಪೊದೆಗಳು, ಕಾರೆ, ಜಾಲಾರಿ ಸಸಿಗಳು ಎದ್ದವು. ಬಂಡೆಗಳ ನಡುವಿನ ದೊಣೆಯಲ್ಲಿ ಶಿವರಾತ್ರಿಗೇ ಬತ್ತುತ್ತಿದ್ದ ನೀರು ಯುಗಾದಿ ದಾಟಿಯೂ ನಿಂತಿತು. ಅಜ್ಜಿ ಹುಲ್ಲು ಕೊಯ್ದು ಹೊರೆ ಕಟ್ಟಿ ತರುವುದನ್ನು ರೂಢಿ ಮಾಡಿಕೊಂಡಳು. ಹಾಸಿಗೆ ಹೊಲಿಯುವ ಸಾಹೇಬರಂತೂ ರೋಜಾ ಇದ್ದ ದಿನವೂ ಸರದಿ ತಪ್ಪಿಸಲಿಲ್ಲ. ಪಕ್ಕದ ಮನೆಯ ಟ್ರ್ಯಾಕ್ಟರಿನವನ ಮೇಲೆ ಮಾತ್ರ ನನಗೆ ನಂಬಿಕೆ ಇರಲಿಲ್ಲ. ಬಾಯಿಬಡುಕ, ಇಸ್ಪೀಟಿನ ಗಿರಾಕಿ. ಅವನ ಸರದಿಯ ದಿನ ನಾನು ಹಿತ್ತಲಿಗೆ ಹೋಗಿ ಹೋಗಿ ಬೆಟ್ಟದ ಕಡೆ ನೋಡುತ್ತಿದ್ದೆ. ಅವನೂ ತಪ್ಪಿಸಿಕೊಂಡವನಲ್ಲ.

ಹೀಗೆ ನನಗೆ ಒಂದು ಹೆಸರು ಬಂತು. ಈ ಬೇಸಿಗೆಯಲ್ಲಿ ಪಾವಗಡದ ಕಡೆಯ ಒಂದು ಕಾಲೇಜಿನವರು ಭಾಷಣಕ್ಕೆ ಕರೆದರು. ಭಾನುವಾರ ಕಾರ್ಯಕ್ರಮ. ಶನಿವಾರ ಸಂಜೆ ಮನೆಗೆ ಬಂದು ನೋಡಿದರೆ ಬಾಗಿಲಿಗೆ ಕೋಲು ಒರಗಿತ್ತು.

ಬೇರೆ ಏನಾದರೂ ಮಾಡಬಹುದಿತ್ತು. ಊರಲ್ಲಿ ನಾಲ್ಕು ಜನರನ್ನು ಕೇಳಿ ಸರದಿ ಅದಲುಬದಲು ಮಾಡಿಕೊಳ್ಳಬಹುದಿತ್ತು. ಕಾಲೇಜಿನವರಿಗೆ ಫೋನು ಮಾಡಿ ಮುಂದಿನ ವಾರ ಬರುತ್ತೇನೆ ಎನ್ನಬಹುದಿತ್ತು. ಆದರೆ ಇಸ್ತ್ರಿ ಮಾಡಿಸಿದ ಸೀರೆ ಕಾಯುತ್ತಿತ್ತು. ಬೆಳಿಗ್ಗೆ ಕಾರು ಬಂದು ಹಾರ್ನ್ ಹೊಡೆದಾಗ ಕೋಲನ್ನು ಎತ್ತಿ ಟ್ರ್ಯಾಕ್ಟರಿನವನ ಬಾಗಿಲಿಗೆ ಒರಗಿಸಿದೆ. ಅವನು ಹಲ್ಲುಜ್ಜುತ್ತ ಹೊರಗೆ ಬಂದ.

‘ಇವತ್ತೊಂದು ದಿನ ನೀನು ಹೋಗಪ್ಪ. ನನಗೆ ಮೀಟಿಂಗಿದೆ’ ಎಂದೆ.

ಅವನು ಕೋಲನ್ನು ನೋಡಿದ, ಕಾರನ್ನು ನೋಡಿದ, ಬಾಯಲ್ಲಿ ನೊರೆ ತುಂಬಿಕೊಂಡೇ ತಲೆಯಾಡಿಸಿದ. ಅದು ಹೂಂ ಎಂದೋ ಊಹೂಂ ಎಂದೋ ನಿಂತು ಕೇಳುವ ವ್ಯವಧಾನ ನನಗಿರಲಿಲ್ಲ.

ಪಾವಗಡ ದಾಟಿದ ಮೇಲೆ ದಾರಿಯ ಎರಡೂ ಕಡೆ ಸೋಲಾರ್ ಹಲಗೆಗಳು. ಕಣ್ಣು ಹಾಯುವವರೆಗೂ ಅವೇ. ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ‘ಇನ್ನೂ ಕಾಲ ಮಿಂಚಿಲ್ಲ’ ಎಂದು ಬರೆಸಿದ್ದರು. ನಾನು ಚೆನ್ನಾಗಿ ಮಾತಾಡಿದೆ. ದೊಡ್ಡ ದೊಡ್ಡ ದೇಶಗಳು ಹೊಣೆಯನ್ನು ತಾವು ಹೊರದೆ ಪಕ್ಕದವರ ಬಾಗಿಲಿಗೆ ತಳ್ಳುತ್ತವೆ ಎಂದು ಬೈದೆ. ಆಮೇಲೆ ನಮ್ಮ ಕೋಲಿನ ಕಥೆ ಹೇಳಿದೆ. ಜೋರು ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು.

ಪ್ರಶ್ನೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ತಿರುಮಣಿಯ ಕಡೆಯವರು, ಸೋಲಾರಿಗೆ ಜಮೀನು ಗುತ್ತಿಗೆ ಕೊಟ್ಟವರು ಎಂದು ಪಕ್ಕದಲ್ಲಿದ್ದವರು ನನ್ನ ಕಿವಿಯಲ್ಲಿ ಹೇಳಿದರು.

‘ಮೇಡಂ, ನಾವು ಕಡಲೇಕಾಯಿ ಬೆಳೀತಿದ್ದ ಭೂಮಿ ಕೊಟ್ಬುಟ್ವಿ. ಒಳ್ಳೇದಾಯ್ತದೆ ಅಂದ್ರು, ಕೊಟ್ವಿ. ಬಿಸಿಲು ಮಾತ್ರ ವರ್ಷವರ್ಷ ಏರ್ತಾನೇ ಐತೆ. ನಿಜ ಹೇಳಿ, ಇದು ಇನ್ನೂ ಸರಿ ಹೋಯ್ತದಾ?’

‘ಎಲ್ಲರೂ ಸೇರಿದರೆ ಖಂಡಿತ ಹೋಗುತ್ತೆ. ನಮ್ಮೂರೇ ಸಾಕ್ಷಿ’ ಎಂದೆ.

‘ಅದಿ ಸರೇ ಮೇಡಂ. ಇವತ್ತು ನಿಮ್ಮ ಬೆಟ್ಟದ ಮೇಲೆ ಎವರುನ್ನಾರು? ಯಾರ್ ಕಾಯ್ತಾವ್ರೆ?’

ಆ ಸೀಮೆಯ ತೆಲುಗು ಬೆರೆತ ಮಾತಿನಲ್ಲಿ ಕೇಳಿದರು, ಕುಹಕದಿಂದ ಕೇಳಲಿಲ್ಲ. ತಮ್ಮೂರಿನಲ್ಲೂ ಹೀಗೆ ಮಾಡಬಹುದೇ ಎಂದು ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು. ‘ನಮ್ಮ ಪಕ್ಕದ ಮನೆಯವರು’ ಎಂದೆ. ಅವರು ತೃಪ್ತಿಯಿಂದ ಕೈ ಮುಗಿದು ಕೂತರು. ಆ ಕೈ ಮುಗಿದದ್ದು ಈಗಲೂ ನೆನಪಾಗುತ್ತದೆ, ನೆನಪಾದಾಗಲೆಲ್ಲ ಮುಖ ಬಿಸಿಯಾಗುತ್ತದೆ.

ಮಧುಗಿರಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಹೊಗೆ ಕಂಡಿತು. ಬೇರೆ ಬೆಟ್ಟವಿರಬೇಕು ಎಂದುಕೊಂಡೆ. ತಿರುವು ತಿರುವಿಗೂ ಹಾಗೆಯೇ ಅಂದುಕೊಳ್ಳುತ್ತ ಬಂದೆ. ಊರಿನ ಕ್ರಾಸಿಗೆ ಬಂದಾಗ ಹಾಗೆ ಅಂದುಕೊಳ್ಳಲು ಬೇರೆ ಯಾವ ಬೆಟ್ಟವೂ ಉಳಿದಿರಲಿಲ್ಲ. ಗಂಡಸರು ಹೆಂಗಸರೆನ್ನದೆ ಎಲ್ಲರೂ ಹೊಂಗೆ ಸೊಪ್ಪು ಹಿಡಿದು ಬುಡದಲ್ಲಿ ಬೆಂಕಿ ಬಡಿಯುತ್ತಿದ್ದರು. ಮೂರು ವರ್ಷ ಬೆಳೆದ ಹುಲ್ಲು ಅದು. ಹತ್ತಿರ ಹೋಗಲು ಬಿಡುತ್ತಿರಲಿಲ್ಲ. ನಾವು ಉಳಿಸಿ ಬೆಳೆಸಿದ್ದರಿಂದಲೇ ಅಷ್ಟು ಜೋರಾಗಿ ಉರಿಯಿತು.

ಕಾರಿನಿಂದ ಇಳಿದೆ. ಶಾಲು ಇನ್ನೂ ಹೆಗಲ ಮೇಲಿತ್ತು. ನನ್ನ ಮನೆಯ ಬಾಗಿಲಿಗೆ ಕೋಲು ಒರಗಿತ್ತು.

ನನಗೆ ಅರ್ಥವಾಗಲಿಲ್ಲ. ಎದುರಿನ ಜಗುಲಿಯಲ್ಲಿ ಮೇಕೆ ಅಜ್ಜಿ ಕೂತಿದ್ದಳು. ಸೆರಗಿನ ಅಂಚು ಸುಟ್ಟಿತ್ತು, ಮುಖವೆಲ್ಲ ಮಸಿ.

‘ಇದು ಇಲ್ಯಾಕೈತಜ್ಜಿ?’ ಎಂದೆ. ಗಾಬರಿಯಲ್ಲಿ ನನ್ನ ಬಾಯಲ್ಲೂ ಊರಿನ ಮಾತೇ ಬಂತು.

‘ನಿಮ್ಮನೆ ಬಾಗ್ಲಿಂದ ಹೊಂಟದ್ದು ಊರೆಲ್ಲ ಸುತ್ಕಂಡು ನಿಮ್ಮನೆ ಬಾಗ್ಲಿಗೇ ಬಂದು ನಿಂತೈತೆ ಕಣಮ್ಮ’ ಎಂದಳು.

ಟ್ರ್ಯಾಕ್ಟರಿನವನು ಶಿರಾಕ್ಕೆ ತಂಗಿಯ ಮಗನಿಗೆ ಹೆಣ್ಣು ನೋಡಲು ಹೋಗಬೇಕಿತ್ತಂತೆ. ಮೇಷ್ಟ್ರಮ್ಮ ಒರಗಿಸಿದ ಹಾಗೆ ಅವನೂ ಪಕ್ಕದ ಬಾಗಿಲಿಗೆ ಒರಗಿಸಿದ. ಅವರ ಮನೆಯಲ್ಲಿ ಸಂಘದ ಹೆಂಗಸರ ಸಭೆ. ಮುಂದಿನ ಮನೆಯಲ್ಲಿ ಮಂಡಿನೋವು. ಅದರ ಮುಂದೆ ಟಿ.ವಿ.ಯಲ್ಲಿ ಕ್ರಿಕೆಟ್ಟು. ಸಾಹೇಬರಿಗೆ ಮದುವೆಯ ಹಾಸಿಗೆ ಅಂದೇ ಹೊಲಿದು ಕೊಡಬೇಕಿತ್ತು. ಹೀಗೆ ಮೂರು ವರ್ಷ ದಿನಕ್ಕೊಂದು ಮನೆಯಂತೆ ನಡೆದ ಕೋಲು ಒಂದೇ ದಿನದಲ್ಲಿ ಬೀದಿಯ ನಮ್ಮ ಸಾಲು ಮುಗಿಸಿ ಎದುರು ಸಾಲಿಗೆ ತಿರುಗಿ ಹೊತ್ತು ಇಳಿಯುವುದರೊಳಗೆ ಮನೆಗೆ ವಾಪಸು ಬಂದಿತ್ತು. ಬೆಟ್ಟ ಮಾತ್ರ ಯಾರೂ ಹತ್ತಿರಲಿಲ್ಲ. ಕಡ್ಡಿ ಗೀರಿದವರು ಯಾರು ಎಂದು ಈ ಸಲವೂ ಗೊತ್ತಾಗಲಿಲ್ಲ.

‘ನಂಗೂ ಬಂತು ಕಣಮ್ಮ’ ಎಂದಳು ಅಜ್ಜಿ. ‘ಮರಿ ಹಾಕೋ ಮೇಕೆ ಒಂದಿತ್ತು. ಮೇಷ್ಟ್ರಮ್ನೇ ತಳ್ಳವ್ಳೆ, ನಂದೇನ್ ದೊಡ್ದು ಅಂತ ನಾನೂ ತಳ್ಬುಟ್ಟೆ.’ ಅವಳು ಅಳುತ್ತಿದ್ದಳು. ‘ನಾಳಿಂದ ಏನ್ ಹಾಕ್ಲಿ ಅವುಕ್ಕೆ? ಒಂದು ಹೊರೆ ಹುಲ್ಲಿಲ್ಲ.’

ನಾನು ಹಣ್ಣಿನ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದೆ. ಅವಳು ಬೈದಿದ್ದರೆ ಉತ್ತರ ಕೊಡುವ ಬಾಯಿ ನನಗಿತ್ತು. ತಪ್ಪಿನಲ್ಲಿ ತನ್ನ ಪಾಲನ್ನು ಅವಳೇ ಮೊದಲು ತೆಗೆದಿಟ್ಟುಕೊಂಡಾಗ ನನ್ನ ಪಾಲು ಎಷ್ಟು ದೊಡ್ಡದೆಂದು ಕಂಡಿತು. ಒಳಗೆ ಬಂದರೆ ಅತ್ತೆ, ‘ಬೇಲಿನೇ ಎದ್ದು ಹೊಲ ಮೇಯ್ತು’ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹೇಳಿ ಕೋಲು ಹಿಡಿದು ಬೆಟ್ಟ ಹತ್ತಿದೆ. ಕಾಯಲು ಏನೂ ಇರಲಿಲ್ಲ. ಚಪ್ಪಲಿಯ ಕೆಳಗೆ ಬೂದಿ ಇನ್ನೂ ಬೆಚ್ಚಗಿತ್ತು. ದೊಣೆಯ ನೀರಿನ ಮೇಲೆ ಕಪ್ಪು ಕೆನೆ ಕಟ್ಟಿತ್ತು. ಸುಟ್ಟ ಪೊದೆಯೊಂದರ ಬುಡದಲ್ಲಿ ನವಿಲಿನ ಮೊಟ್ಟೆಗಳು ಒಡೆದು ಬಿದ್ದಿದ್ದವು. ಮರೆಯಾಗಲು ಒಂದು ಗಿಡವಿಲ್ಲದ ಬಂಡೆಯ ಮೇಲೆ ಬಣ್ಣದ ಸೀರೆಯುಟ್ಟ ನಾನೊಬ್ಬಳೇ. ಬೀದಿಯಲ್ಲಿ ಯಾರು ತಲೆ ಎತ್ತಿದರೂ ನಾನು ಕಾಣುತ್ತಿದ್ದೆ. ಬಿಸಿಲಿಗಿಂತ ಅದೇ ಹೆಚ್ಚು ಸುಟ್ಟಿತು. ಆದರೂ ಸಂಜೆಯವರೆಗೆ ಇಳಿಯಲಿಲ್ಲ.

ಇಳಿಯುವ ಹೊತ್ತಿಗೆ ನಾಲ್ಕು ಹನಿ ಬಿತ್ತು. ನಾಲ್ಕೇ. ಅರಳಿಕಟ್ಟೆಯ ಮೇಲಿದ್ದವರಲ್ಲಿ ಯಾರೋ, ‘ನೋಡ್ಲಾ, ಬೆಟ್ಟ ಉರೀತು, ಮಳೆ ಬಂತು’ ಎಂದರು. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ಅರ್ಧ ಗಂಟೆ ಪಾಠ ಮಾಡುತ್ತಿದ್ದೆ. ಆವತ್ತು ಏನು ಮುಖ ಇಟ್ಟುಕೊಂಡು ಮಾಡಲಿ? ತಲೆ ತಗ್ಗಿಸಿ ದಾಟಿ ಹೋದೆ. ಟ್ರ್ಯಾಕ್ಟರಿನವನ ಮನೆಯ ಬಾಗಿಲಿಗೆ ಕೋಲು ಒರಗಿಸಿದೆ. ಒಳಗೆ ದೀಪವಿತ್ತು. ಯಾರನ್ನೂ ಕರೆಯಲಿಲ್ಲ.

ಬೆಳಿಗ್ಗೆ ಎದ್ದವಳೇ ಮೊದಲು ಆ ಬಾಗಿಲು ನೋಡಿದೆ. ಕೋಲು ಇರಲಿಲ್ಲ. ತಳ್ಳಿದ, ಇನ್ನೇನು ಮಾಡುತ್ತಾನೆ ಎಂದುಕೊಂಡೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಳ್ಳುವುದನ್ನು ಕಲಿಸಿದವಳೇ ನಾನಲ್ಲವೇ? ಆದರೂ ಎಲ್ಲಿಯವರೆಗೆ ಹೋಗಿದೆ ನೋಡೋಣವೆಂದು ಹಾಲಿನ ಚೊಂಬು ಹಿಡಿದು ಡೇರಿಗೆ ಹೊರಟವಳ ಹಾಗೆ ಬೀದಿಗೆ ಇಳಿದೆ. ಪಕ್ಕದ ಬಾಗಿಲು ನೋಡಿದೆ. ಅದರ ಪಕ್ಕದ್ದು ನೋಡಿದೆ. ಸಾಹೇಬರ ಬಾಗಿಲು ನೋಡಿದೆ. ಬೀದಿಯ ಕೊನೆ ಮುಟ್ಟಿ ಎದುರು ಸಾಲಿಗೆ ತಿರುಗಿದೆ. ಎಲ್ಲೂ ಇರಲಿಲ್ಲ. ಸೌದೆಗೆ ಮುರಿದು ಹಾಕಿದರೋ ಏನೋ ಎಂದುಕೊಂಡೆ. ಕಳ್ಳಿಯ ಹಾಗೆ ಒಂದೊಂದು ಬಾಗಿಲ ಸಂದಿಯನ್ನೂ ಇಣುಕುತ್ತ ಬಂದೆ.

ಅಜ್ಜಿ ಜಗುಲಿಯ ಮೇಲೆ ಕೂತು ಹೊಸ ಮರಿಗೆ ಹಾಲು ಕುಡಿಸುತ್ತಿದ್ದಳು. ನಾನು ಬೀದಿ ಸುತ್ತಿದ್ದನ್ನೆಲ್ಲ ನೋಡಿದ್ದಳು ಎಂದು ಕಾಣುತ್ತದೆ.

‘ಏನಮ್ಮ, ಕೋಲು ಹುಡುಕ್ತಿದ್ದೀಯಾ?’ ಎಂದಳು.

ನಾನು ಖಾಲಿ ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

‘ಬಾಗ್ಲಲ್ಲಿ ಯಾಕ್ ಹುಡುಕ್ತೀಯ? ಟ್ರ್ಯಾಕ್ಟರ್ನವ್ನು ಕೋಳಿ ಕೂಗೋ ಹೊತ್ಗೇ ಬುತ್ತಿ ಕಟ್ಕಂಡು ಹೋದ. ಮೇಲೆ ನೋಡು.’

ಕಪ್ಪು ಬೆಟ್ಟದ ನೆತ್ತಿಯಲ್ಲಿ ಅವನ ಬಿಳಿ ಟವೆಲ್ಲು ಆಗಲೇ ಎದ್ದು ಕಾಣುತ್ತಿದ್ದಿರಬೇಕು. ತಲೆ ಎತ್ತಿ ನೋಡಲು ನನಗೆ ಬಹಳ ಹೊತ್ತು ಹಿಡಿಯಿತು.